ಖಾಲಿ ತೊಟ್ಟಿಲಲ್ಲಿ ಹೆಸರಿಟ್ಟೆ

ಹುಂಚ
೨-೯-೧೯೬೬

ಯಜಮಾನರ ಪಾದಗಳಿಗೆ ವರದಮ್ಮನ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಶುರು ಮಾಡಬೇಕು. ಈ ಸಲ ಆ ಸುಳ್ಳನ್ನು ಬಿಟ್ಟಿದ್ದೇನೆ. ನಿಮ್ಮ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಬಾಣಂತಿಗೆ ನಿಶ್ಶಕ್ತಿ ಎಂದು ತಿಳಿಯಬೇಡಿ, ಸಿಟ್ಟು ಬಂದಿತ್ತು.

"ಆದದ್ದು ಆಯಿತು, ಮರೆತುಬಿಡು, ದೇವರು ಇನ್ನೊಂದು ಕೊಡುತ್ತಾನೆ" ಎಂದು ಬರೆದಿದ್ದೀರಿ. ಇಲ್ಲಿ ಅವ್ವನದೂ ಬೆಳಗಾದರೆ ಇದೇ ರಾಗ. ಹೆಸರಿಡುವ ಮುಂಚೆ ಹೋದ ಮಗುವಿಗೆ ಅಳಬಾರದಂತೆ, ಅತ್ತರೆ ಮುಂದಿನದಕ್ಕೂ ಕೇಡಂತೆ. ಹೊಳೆ ತುಂಬಿ ದೋಣಿ ನಿಂತಿದ್ದರಿಂದ ಬ್ಯಾಕೋಡಿನ ಶಾಲೆಯಿಂದ ನಿಮಗೆ ಬರಲಾಗಲಿಲ್ಲ. ಅದಕ್ಕೆ ನನಗೆ ಕೋಪವಿಲ್ಲ. ಅಣ್ಣನೇ ಮಗುವನ್ನು ಮಣ್ಣು ಮಾಡಿ ಬಂದ. ಅವನು ಕೈಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅವ್ವ ಮಗುವಿನ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆ ಹಾಕಿಯಾಗಿತ್ತು. ಅಷ್ಟು ಬೇಗ!

ಮೊನ್ನೆ ಪಕ್ಕದ ಮನೆಯ ಗುತ್ಯಮ್ಮ ನಮಗೆ ಕೊಟ್ಟಿದ್ದ ತೊಟ್ಟಿಲನ್ನು ವಾಪಸು ಒಯ್ಯಲು ಬಂದರು. "ತಡೀರಿ, ನಂದೊಂದು ಕೆಲ್ಸ ಬಾಕಿ ಇದೆ" ಎಂದೆ. ಎಲ್ಲರೆದುರೇ ಖಾಲಿ ತೊಟ್ಟಿಲು ತೂಗಿ, ಬಗ್ಗಿ, "ಪದ್ಮಾವತಿ" ಎಂದು ಗಟ್ಟಿಯಾಗಿ ಕರೆದೆ. ಇಲ್ಲಿಯ ಬಸದಿಯ ಅಮ್ಮನವರ ಹೆಸರನ್ನೇ ಇಟ್ಟೆ.

"ಅಯ್ಯೋ, ಬರೀ ತೊಟ್ಲು ತೂಗ್ಬಾರ್ದು ಕಣೇ! ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಅವ್ವ ಓಡಿಬಂದಳು.

"ಕೆಟ್ಟಿಲ್ಲ, ಹೊಟ್ಟೆ ಸಂಕ್ಟ. ಹೆತ್ತೋಳು ನಾನು, ಹೆಸ್ರೂ ನಾನೇ ಇಡ್ತೀನಿ."

ಗುತ್ಯಮ್ಮ ಬೈದು ತೊಟ್ಟಿಲು ಕಸಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ನೆಲಕ್ಕೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. "ನಂದೂ ಒಂದು ಹೋಗಿತ್ತು ಕಣೆ, ಗಂಡು. ಅದ್ನ ಏನಂತ ಕರ್ದು ಅಳ್ಲಿ ಅಂತ ಇವತ್ತಿಗೂ ಗೊತ್ತಿಲ್ಲ" ಎಂದರು. ಆಮೇಲೆ ತಾವೂ ತೊಟ್ಟಿಲಿಗೆ ಕೈಹಚ್ಚಿದರು. ಇಬ್ಬರೂ ಮನಸಾರೆ ಅತ್ತೆವು. ಅವ್ವ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಸಂಜೆ ಕಾಫಿ ಕೊಡುವಾಗ ನೋಡಿದರೆ ಅವಳ ಕಣ್ಣೂ ಕೆಂಪಗಿತ್ತು.

ದಸರಾ ರಜೆಯಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ ಎಂದಿದ್ದೀರಿ. ಬನ್ನಿ. ಆದರೆ ಅಲ್ಲಿ ಯಾರಾದರೂ ಮಕ್ಕಳೆಷ್ಟು ಎಂದು ಕೇಳಿದರೆ ನಾನು "ಒಬ್ಬಳು, ಪದ್ಮಾವತಿ, ತೀರಿಕೊಂಡಳು" ಎನ್ನುವವಳೇ. ನೀವು ಪಕ್ಕದಲ್ಲಿ ನಿಂತು "ಇನ್ನೂ ಆಗಿಲ್ಲ" ಎನ್ನುವುದಾದರೆ ಸುಮ್ಮನೆ ಬಸ್ಸು ಹತ್ತಬೇಡಿ. ನಾನು ಬರುವುದಿಲ್ಲ. ಬೆದರಿಕೆ ಎಂದು ಬೇಕಾದರೆ ತಿಳಿಯಿರಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ, ಸಿಟ್ಟಿನಲ್ಲೂ ಅದನ್ನೇ ಬೇಡುತ್ತೇನೆ.

ನಿಮ್ಮ
ವರದಮ್ಮ

ತಾ.ಕ.: ನಿಮ್ಮ ಕಾಗದದಲ್ಲಿ ನನ್ನ ಪಥ್ಯದ ಬಗ್ಗೆ ಕೇಳಿದ್ದೀರಿ, ಅಣ್ಣನ ಎಮ್ಮೆ ಕರು ಹಾಕಿತೇ ಎಂದೂ ಕೇಳಿದ್ದೀರಿ. ಮಗು ಯಾರ ಹಾಗಿತ್ತು ಎಂದು ಕೇಳಲೇ ಇಲ್ಲ. ನಿದ್ದೆಯಲ್ಲಿ ಅವಳು ಹುಬ್ಬು ಗಂಟಿಕ್ಕುತ್ತಿದ್ದಳು, ಥೇಟ್ ನೀವು ಮಕ್ಕಳ ಕಾಪಿ ತಿದ್ದುವಾಗ ಮಾಡುವ ಹಾಗೆ.