‘ನೋಡಿಕೊಂಡಿದ್ದಾರೆ’ ಎಂದರೆ ನೋಡಿದ್ದಾರೆ ಎಂದಲ್ಲ

ಮಾನ್ಯ ಪರವಾನಗಿ ಪ್ರಾಧಿಕಾರಿಗಳೇ,

ತಮ್ಮ ಕಚೇರಿಗೆ ಕನ್ನಡ ಓದಲು ಬಾರದ ಕಾರಣ ನನ್ನ ಶಿಷ್ಯೆಯೊಬ್ಬಳ ಆರು ವರ್ಷದ ದುಡಿಮೆ ಸೊನ್ನೆಯಾಗಿದೆ. ದೂರು ಇಷ್ಟೇ. ಮುಂದಿನದೆಲ್ಲ ಅದರ ವಿವರಣೆ. ವಿವರಣೆಯಿಲ್ಲದ ಕಾಗದ ತಮ್ಮಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಡೆಯುವುದಿಲ್ಲವೆಂದು ಬಲ್ಲೆನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

‘ಪರವಾನಗಿ’ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ. ನಿಜಾಮರು ಹೋದರು, ಪದ ಉಳಿಯಿತು. ‘ತಕರಾರು’ ಕೂಡ ಅದೇ ಬಂಡಿಯಲ್ಲಿ ಬಂದದ್ದು. ‘ಅನುಜ್ಞಾಪತ್ರ’ ಎಂದು ಬರೆದರೆ ತಾವು ಇನ್ನೊಂದು ಆಕ್ಷೇಪಣೆ ಹಾಕುವಿರೆಂಬ ಭಯದಿಂದ, ಬದುಕಿನಲ್ಲಿ ಮೊದಲ ಬಾರಿಗೆ ಸುಲಭದ ಪದವನ್ನು ಆರಿಸಿಕೊಂಡಿದ್ದೇನೆ. ಇದನ್ನು ತಮ್ಮ ಮೇಲಿನ ಗೌರವವೆಂದು ತಿಳಿಯಬಹುದು.

ಅರ್ಜಿದಾರಳ ಹೆಸರು ತಹಮೀನಾ. ಮಾನ್ವಿಯ ಪ್ರೌಢಶಾಲೆಯಲ್ಲಿ ನನ್ನ ಕೈಯಲ್ಲಿ ಓದಿದವಳು. ಮನೆಯಲ್ಲಿ ದಖ್ಖನಿ, ತಂದೆಯ ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ನನ್ನ ಕಾಟದ ಕನ್ನಡ; ಮೂರರಲ್ಲಿಯೂ ಸಮನಾಗಿ ಜಗಳವಾಡಬಲ್ಲವಳು. ರಾಯಚೂರಿನಲ್ಲಿ ಡಿಪ್ಲೊಮಾ, ಕಲಬುರಗಿಯಲ್ಲಿ ಪದವಿ ಮುಗಿಸಿ, ಆ ಬಳಿಕ ಆರು ವರ್ಷ ರಾಯಚೂರಿನ ಅಭಿಯಂತರರಾದ ಗುರುಸಿದ್ದರ ಕೈಕೆಳಗೆ ದುಡಿದಳು. ತಮ್ಮ ನಿಯಮ ಕೇಳುವುದು ಪದವಿಯನ್ನು ಮತ್ತು ಪರವಾನಗಿ ಉಳ್ಳವರ ಕೈಕೆಳಗೆ ಐದು ವರ್ಷದ ಅನುಭವವನ್ನು. ಅಷ್ಟಿದ್ದವರಿಗೆ, ಸ್ವತಃ ಬರೆದ ಕಟ್ಟಡದ ನಕ್ಷೆಗೆ ಸ್ವಂತ ಹೆಸರಿನಲ್ಲಿಯೇ ಸಹಿ ಹಾಕುವ ಅಧಿಕಾರ ದೊರೆಯಬೇಕು. ಆಕೆಗೆ ದೊರೆತದ್ದು ಆಕ್ಷೇಪಣೆ.

ಮೊದಲನೆಯ ಆಕ್ಷೇಪಣೆ ಆಕೆಯ ಹೆಸರಿನ ದೀರ್ಘದ ಬಗ್ಗೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ‘ಮೀ’ ಇದೆ, ಆಧಾರ್ ಚೀಟಿಯಲ್ಲಿ ‘ಮಿ’ ಇದೆ. ಇಬ್ಬರೂ ಒಬ್ಬರೇ ಎಂಬುದಕ್ಕೆ ಪುರಾವೆ ಏನು? ನಿಜ ಹೇಳುತ್ತೇನೆ, ಇದನ್ನು ಕೇಳಿ ನನಗೆ ಕಣ್ತುಂಬಿ ಬಂತು. ಸರ್ಕಾರಿ ಕಚೇರಿಯೊಂದು ಹ್ರಸ್ವದೀರ್ಘಗಳಿಗಾಗಿ ಕಡತವನ್ನು ತಡೆಹಿಡಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆನಂದ ಬಹಳ ಹೊತ್ತು ಉಳಿಯಲಿಲ್ಲ. ಅದೇ ಪತ್ರದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ‘ವಿಧ್ಯಾರ್ಹತೆ ಬಗ್ಗೆ’ ಎಂದಿತ್ತು. ವಿದ್ಯೆಯನ್ನು ಅಳೆಯಲು ಕುಳಿತ ಕಚೇರಿಗೆ ವಿದ್ಯೆಯನ್ನೇ ಬರೆಯಲು ಬಾರದೆ? ವಿದ್ಯೆಗೆ ಮಹಾಪ್ರಾಣ ಕೊಟ್ಟು ಅರ್ಜಿದಾರಳ ಪ್ರಾಣ ತೆಗೆಯುವುದು ಯಾವ ವ್ಯಾಕರಣ? ಆದರೂ ತಹಮೀನಾ ನೋಟರಿಯ ಮುಂದೆ ನಿಂತು, ‘ಮೀ’ ನಾನೇ, ‘ಮಿ’ ಕೂಡ ನಾನೇ ಎಂದು ಪ್ರಮಾಣ ಮಾಡಿ ಬಂದಳು.

ಎರಡನೆಯದು ಅನುಭವದ ಬಗ್ಗೆ. ಗುರುಸಿದ್ದರು ಕೊಟ್ಟ ಪ್ರಮಾಣಪತ್ರದ ವಾಕ್ಯ ಹೀಗಿದೆ: “ಇವರು ಆರು ವರ್ಷಗಳ ಕಾಲ ರಾಯಚೂರು, ದೇವದುರ್ಗ ಮತ್ತು ಮಾನ್ವಿಗಳಲ್ಲಿ ನನ್ನ ಕಟ್ಟಡಗಳ ಕೆಲಸವನ್ನು ನೋಡಿಕೊಂಡಿದ್ದಾರೆ.” ಒಂದು ಕಾಗುಣಿತವೂ ತಪ್ಪಿಲ್ಲದ, ಕರ್ತೃ ಕರ್ಮ ಕ್ರಿಯೆಗಳು ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿರುವ ವಾಕ್ಯ. ಇದರ ಕೆಳಗೆ ತಮ್ಮ ಕಚೇರಿಯ ಟಿಪ್ಪಣಿ: “ಅರ್ಜಿದಾರರು ಕೆಲಸವನ್ನು ನೋಡಿರುವುದಾಗಿ ಮಾತ್ರ ತಿಳಿದುಬರುತ್ತದೆ. ಮಾಡಿರುವ ಬಗ್ಗೆ ದಾಖಲೆ ಇರುವುದಿಲ್ಲ. ತಿರಸ್ಕರಿಸಿದೆ.”

ಮಾನ್ಯರೇ, ‘ನೋಡು’ ಕಣ್ಣಿನ ಕೆಲಸ. ‘ನೋಡಿಕೊಳ್ಳು’ ಹೆಗಲಿನ ಕೆಲಸ. ತಾಯಿ ಕೂಸನ್ನು ನೋಡಿಕೊಂಡಳು ಎಂದರೆ ಕಿಟಕಿಯಲ್ಲಿ ಇಣುಕಿ ಹೋದಳು ಎಂದರ್ಥವೆ? ಹೊಲ ನೋಡಿಕೊಂಡವನು ಬಸ್ಸಿನಲ್ಲಿ ಕುಳಿತು ಹಾದುಹೋದವನೆ? ‘ಅಂಗಡಿ ನೋಡಿಕೊ’ ಎಂದು ಮಗನಿಗೆ ಹೇಳಿ ನಮಾಜಿಗೆ ಹೋದ ವ್ಯಾಪಾರಿ, ಮಗ ಎದುರಿನ ಕಟ್ಟೆಯ ಮೇಲೆ ಕುಳಿತು ಅಂಗಡಿಯನ್ನು ನೆಟ್ಟ ದೃಷ್ಟಿಯಿಂದ ನೋಡುತ್ತಿರಲಿ ಎಂದು ಬಯಸಿದನೆ? ಈ ಪಾಠ ಎಂಟನೆಯ ತರಗತಿಯದು. ಜಿಲ್ಲೆಯ ಕಟ್ಟಡಗಳನ್ನು ತಾವು ನೋಡಿಕೊಳ್ಳುತ್ತೀರೆಂದು ನಾವು ಇಷ್ಟು ದಿನ ನಂಬಿದ್ದೆವು. ತಮ್ಮದೇ ವ್ಯಾಖ್ಯಾನದಂತೆ ತಾವು ಬರಿದೇ ನೋಡುತ್ತಿದ್ದೀರಿ ಎಂದಾಗುತ್ತದೆ. ಅದನ್ನು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ.

ಆಕೆಯೊಡನೆ ನಾನೂ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಸಜ್ಜನರು. ನನಗೆ ಕುರ್ಚಿ ಕೊಟ್ಟು, ಆಕೆಗೆ ತತ್ತ್ವ ಹೇಳಿದರು.

“ನೋಡಿದ್ದೆಲ್ಲಾ ಅನುಭವ ಆಗಂಗಿಲ್ಲಮ್ಮ. ನಮ್ಮನಿ ಮುಂದ ಮೂರಂತಸ್ತು ಕಟ್ಟಾಕತ್ತಾರ. ನಾನೂ ದಿನಾ ನೋಡ್ತೀನಿ. ನನಗ ಕೊಡ್ತಾರೇನು ಪರವಾನಗಿ?”

“ಮತ್ತ ಮೂರು ತಿಂಗಳಿಂದ ‘ನಿಮ್ಮ ಫೈಲ್ ನೋಡಾಕತ್ತೀವಿ’ ಅಂತೀರಲ್ರೀ,” ಎಂದಳು ತಹಮೀನಾ. “ಅದು ಕೆಲಸ ಹೌದೋ ಅಲ್ಲೋ?”

ಗುಮಾಸ್ತರು ನಕ್ಕರು. ಬೇರೆ ಪ್ರಮಾಣಪತ್ರ ತರುವಂತೆ ಹೇಳಿ, ‘ನೋಡಿಕೊಂಡಿದ್ದಾರೆ’ ಇದ್ದಲ್ಲಿ ‘ಮಾಡಿದ್ದಾರೆ’ ಎಂದಿರಲಿ ಎಂದು ಸಲಹೆಯನ್ನೂ ಕೊಟ್ಟರು. ಜೊತೆಗೆ ಇನ್ನೊಂದು ನಿಯಮವನ್ನು ನೆನಪಿಸಿದರು: ಪ್ರಮಾಣಪತ್ರ ಕೊಡುವವರು ಅದನ್ನು ಕೊಡುವ ದಿನ ಪರವಾನಗಿ ಉಳ್ಳವರಾಗಿರಬೇಕು. ಗುರುಸಿದ್ದರಲ್ಲಿ ಈಗ ಅದಿಲ್ಲ. ಕಣ್ಣಿನ ನರ ಸೋತು ಗೆರೆಗಳು ಕಾಣದಂತಾದಾಗ, ತಹಮೀನಾಳಿಗೆ ಪತ್ರ ಬರೆದುಕೊಟ್ಟು, ಮರುವಾರ ಪರವಾನಗಿಯನ್ನು ತಮ್ಮ ಕಚೇರಿಗೇ ಒಪ್ಪಿಸಿ, ದೇವದುರ್ಗದ ಆಚೆ ಜಾಲಹಳ್ಳಿಯಲ್ಲಿರುವ ಅಣ್ಣನ ಮನೆ ಸೇರಿದರು. ಹೀಗೆ, ಬರೆದ ಪತ್ರವನ್ನು ಕಚೇರಿ ಒಪ್ಪುವುದಿಲ್ಲ. ಕಚೇರಿ ಒಪ್ಪುವ ಪತ್ರವನ್ನು ಅವರು ಬರೆಯುವಂತಿಲ್ಲ.

ಅವರನ್ನು ಕಾಣಲು ಜಾಲಹಳ್ಳಿಯ ಬಸ್ಸು ಹತ್ತಿದೆ. ಟಿಪ್ಪಣಿಯನ್ನು ನಾನೇ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಅವರು ಸಿಟ್ಟಾಗಬಹುದೆಂದು ಎಣಿಸಿದ್ದೆ.

“ಕಣ್ಣು ಕಾಣವಲ್ದು ಅಂತ ನಾ ಸಹಿ ಮಾಡಾದು ಬಿಟ್ಟೆ ಮಾಸ್ತರ,” ಎಂದರು. “ಕಣ್ಣಿದ್ದವರು ನೋಡಲಾರ್ದೇ ಸಹಿ ಮಾಡಾಕತ್ತಾರ.”

ಇದು ಯಾರ ಬಗ್ಗೆ ಎಂದು ತಮಗೆ ಗೊತ್ತು, ನನಗೂ ಗೊತ್ತು; ಈ ಪತ್ರದ ಪ್ರತಿ ಪತ್ರಿಕೆಗೂ ಹೋಗುತ್ತಿರುವುದರಿಂದ ಅದರ ಓದುಗರಿಗೆ ಹೇಳುತ್ತೇನೆ. ನಮ್ಮ ಊರಿನಲ್ಲಿ ಪರವಾನಗಿ ಇರುವ ಮಹನೀಯರೊಬ್ಬರು ಸಹಿಯನ್ನು ಬಾಡಿಗೆಗೆ ಕೊಡುತ್ತಾರೆ, ಮದುವೆಗೆ ಶಾಮಿಯಾನ ಕೊಟ್ಟಂತೆ. ನಕ್ಷೆ ಬರೆಯುವವಳು ತಹಮೀನಾ, ಲೆಕ್ಕ ಹಾಕುವವಳು ತಹಮೀನಾ, ಬಿಸಿಲಲ್ಲಿ ನಿಲ್ಲುವವಳು ತಹಮೀನಾ. ಹೆಸರು ಅವರದು. ಅಂಥ ನಕ್ಷೆಗಳನ್ನು ತಾವು ಒಂದು ಆಕ್ಷೇಪಣೆಯೂ ಇಲ್ಲದೆ ಅನುಮೋದಿಸುತ್ತಾ ಬಂದಿದ್ದೀರಿ. ಆಕೆಯ ಕೆಲಸ ತಮಗೆ ಒಪ್ಪಿಗೆ, ಆಕೆ ಒಪ್ಪಿಗೆಯಲ್ಲ. ಇದು ಯಾವ ಅಲಂಕಾರ? ನನಗೆ ತಿಳಿದ ಯಾವ ಲಕ್ಷಣಗ್ರಂಥದಲ್ಲಿಯೂ ಇದಕ್ಕೆ ಹೆಸರಿಲ್ಲ.

ನಗೆಯ ಮಾತು ಇಲ್ಲಿಗೆ ಸಾಕು. ಮಾನ್ವಿ ರಸ್ತೆಯ ಬದಿಯಲ್ಲಿ ನಾನೊಂದು ಸಣ್ಣ ಮನೆ ಕಟ್ಟಿಸುತ್ತಿದ್ದೇನೆ. ಅದರ ನಕ್ಷೆಯೂ ಆಕೆಯದೇ, ಸಹಿಯೂ ಆ ಮಹನೀಯರದೇ. ಕಳೆದ ವಾರ ಕಂಬಗಳಿಗೆ ಕಾಂಕ್ರೀಟು ಹಾಕುವ ದಿನ ತಹಮೀನಾ ಬಂದು ಬಗ್ಗಿ ನೋಡಿದಳು. ಕಂಬದ ಉದ್ದನೆಯ ಕಂಬಿಗಳನ್ನು ಬಿಗಿದು ಹಿಡಿಯುವ ಬಳೆಗಳಿಗೆ ಕೆಲಸಗಾರರು ರಿಂಗು ಎನ್ನುತ್ತಾರೆ. ನಾಲ್ಕು ಬೆರಳಿಗೊಂದು ಇರಬೇಕಾದ ಕಡೆ ಗೇಣಿಗೊಂದು ಕಟ್ಟಿದ್ದರು; ಅಂಥ ಕಂಬ ಭಾರ ಬಿದ್ದಾಗ ಸೀಳುತ್ತದಂತೆ. ಬಿಚ್ಚಿ ಮತ್ತೆ ಕಟ್ಟಿ ಎಂದಳು. ಮೇಸ್ತ್ರಿ ಬೀರೇಶ ಕೆಟ್ಟವನಲ್ಲ. ಕಾಗದವನ್ನು ನಂಬುವವನು, ತಮ್ಮಂತೆಯೇ.

“ಅಕ್ಕೋರೆ, ನಕ್ಷಿಗೆ ಸಹಿ ಮಾಡಿದ ಸಾಹೇಬ್ರಿಗೆ ಫೋನ್ ಹಚ್ಚಿದ್ದೆ. ನಡೀತದ ಅಂದಾರ. ಇದ್ರಾಗ ನಿಮ್ಮ ಹೆಸರು ಎಲ್ಲ್ಯದ, ತೋರಿಸ್ರಿ.”

ತೋರಿಸಲು ಇರಲಿಲ್ಲ. ಮನೆಯ ಯಜಮಾನನೆಂಬ ಒಂದೇ ಬಲದಿಂದ ನಾನು ಕೆಲಸ ನಿಲ್ಲಿಸಿದೆ. ಕಬ್ಬಿಣದ ಬಗ್ಗೆ ಏನೂ ಅರಿಯದ, ಸಂಧಿ ಸಮಾಸಗಳಲ್ಲಿ ಮುಪ್ಪಾದ ನನ್ನ ಮಾತು ನಡೆಯಿತು; ಆರು ವರ್ಷ ಕಂಬಗಳ ನಡುವೆ ಕಳೆದವಳ ಮಾತು ನಡೆಯಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕುಳಿತು ಆಕೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

“ಇಲ್ಲಿ ನೀವಿದ್ರಿ ಸರ್, ನಿಂತ್ರು. ದೇವದುರ್ಗದಾಗ ಆದೆಮ್ಮೋರ ಮನಿ ನಕ್ಷೀನೂ ನಂದೇ, ಸಹಿ ಅದೇ ಸಾಹೇಬ್ರದು; ಇವರದೇ ಗ್ಯಾಂಗು, ಅಲ್ಲೂ ಹಿಂಗೇ ಕಟ್ಯಾರ. ಅವರ ಮಂದಿ ಎಲ್ಲಾ ಪುಣೆಕ್ಕ ದುಡಿಯಾಕ ಹೋಗ್ಯಾರ. ನಾ ಹೇಳಿದ್ರ ಯಾರು ಕೇಳ್ತಾರ?”

ಆದೆಮ್ಮನ ಕುಟುಂಬ ಪುಣೆಯಲ್ಲಿ ಬೇರೆಯವರ ಕಟ್ಟಡಕ್ಕೆ ಇಟ್ಟಿಗೆ ಹೊತ್ತು ಇಲ್ಲಿ ತನ್ನ ಮನೆ ಕಟ್ಟಿಸುತ್ತಿದೆ. ಮಹನೀಯರಿಗೆ ನಾನೂ ದೂರವಾಣಿ ಮಾಡಿದೆ. ಬಿಡುವಾದಾಗ ಹೋಗಿ ಬರುತ್ತೇನೆ ಎಂದರು. ಹೋಗಿಲ್ಲ. ಪುಣೆಗೂ ಮಾಡಿದೆವು, ಸಹಿ ಮಾಡಿದ ಸಾಹೇಬರೇ ಸರಿ ಎಂದಿರುವಾಗ ಕೂಲಿಯ ಜನ ಏನೆಂದು ಎದುರಾಡುತ್ತಾರೆ?

ಆದ್ದರಿಂದ ಎರಡರಲ್ಲಿ ಒಂದನ್ನು ಮಾಡಿ. ಪ್ರಮಾಣಪತ್ರವನ್ನು ಕನ್ನಡ ಬಲ್ಲವರೊಬ್ಬರಿಂದ ಓದಿಸಿ ತಹಮೀನಾಳಿಗೆ ಈ ವಾರವೇ ಪರವಾನಗಿ ಕೊಡಿ. ಆಕೆ ಅನರ್ಹಳೆಂಬುದೇ ತಮ್ಮ ಖಚಿತ ಮತವಾದರೆ, ಆಕೆ ಬರೆದು ಇನ್ನೊಬ್ಬರು ಸಹಿ ಹಾಕಿ ತಾವು ಅನುಮೋದಿಸಿದ ನಕ್ಷೆಗಳೆಲ್ಲವನ್ನೂ ರದ್ದುಗೊಳಿಸಿ, ಆ ಮನೆಗಳ ಮಂದಿಯನ್ನು ಬೀದಿಗೆ ಕರೆದು ಕಾರಣ ಹೇಳಿ. ತಮಗೆ ಸುಲಭವಾಗಲೆಂದು ನನ್ನ ಮನೆಯ ಅನುಮೋದಿತ ನಕ್ಷೆಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅದೇ ನಕ್ಷೆ, ಒಂದು ಗೆರೆಯೂ ಬದಲಾಗದೆ, ಬರೆದವಳ ಸಹಿಯೊಡನೆ ಬಂದ ದಿನ ನನ್ನ ಕೆಲಸ ಮುಂದುವರಿಯುತ್ತದೆ.

ನಾನು ಕಾಯಬಲ್ಲೆ. ದೇವದುರ್ಗದಲ್ಲಿ ಸೋಮವಾರ ಕಾಂಕ್ರೀಟು ಹಾಕುತ್ತಾರೆ.

ಇಂತಿ,
ಗೋಡೆಯಿಲ್ಲದ ಮನೆಯ ಯಜಮಾನ,
ಹನುಮಂತ್ರಾಯ
ನಿವೃತ್ತ ಕನ್ನಡ ಪಂಡಿತ, ರಾಯಚೂರು