ಯವ್ವಾ ಅಂದಾಕಿ

ಸಿರುಗುಪ್ಪ
13-1-2025

ಅಕ್ಕ ಸುಂಕಮ್ಮಗ,

ನಿನ್ನ ತಂಗಿ ಹೊನ್ನೂರಮ್ಮ ಬರಿಯೋದು. ಮದ್ಲ ಕ್ಷೇಮ ಕೇಳಬೇಕು, ಅದು ಪದ್ಧತಿ. ನಾನು ಕೇಳಂಗಿಲ್ಲ. ನೀನು ಚೆಂದ ಅದಿ ಅಂತ ಟಿ.ವಿ.ಯಾಗ ನೋಡೀನಿ. ಎಂಬತ್ತರ ವಯಸ್ಸಿನಾಗ ತಲಿಗೆ ಬಣ್ಣ ಹಚ್ಚಿಕೊಂಡು, ಕೆಂಪು ರೇಷ್ಮಿ ಸೀರಿ ಉಟ್ಟು ಕುಂತಿದ್ದಿ.

ನಿನ್ನ ಕಾಗದ ಬಂತು. ಬಳ್ಳಾರಿ ಸನ್ಮಾನ ಸಮಿತಿಯ ಹುಲುಗೇಶ್ ಮನಿತನಕ ಬಂದು ಕೈಯಾಗ ಕೊಟ್ಟು ಹೋದ. ಒಳಗ ಏನೈತಿ ಅಂತ ಆ ಪುಣ್ಯಾತ್ಮಗ ಗೊತ್ತಿಲ್ಲ. ಸಿನಿಮಾ ತಾರೆ ಮಧುಲತಾ ಅಮ್ಮಾರು ನಮ್ಮ ಕುರುಗೋಡಿನ ಮಗಳು, ನೀವು ಅವರ ತಂಗಿ ಅನ್ನೋದೇ ನಮಗ ಹೆಮ್ಮಿ ಅಂದ. ತಲಿ ಆಡಿಸಿ, ಚಾ ಕುಡಿಸಿ ಕಳಿಸಿದೆ. ಮೂರು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ, ಇಷ್ಟು ಸೊಕ್ಕು ಯಾಕ ಅಂತ ಬರದಿ. ಹೌದು, ಎತ್ತಲಿಲ್ಲ. ಸೊಕ್ಕು ಅಂತಾನೇ ತಿಳ್ಕೋ.

ಬರೋ ಐತವಾರ ಬಳ್ಳಾರಿ ರಂಗಮಂದಿರದಾಗ ನಿನ್ನ ಸನ್ಮಾನ. ಆ ಹಳೇ ಸಿನಿಮಾದ ತಾಯಿ ಸಾಯೋ ಸೀನು ಪರದಿ ಮ್ಯಾಲ ತೋರಿಸ್ತಾರ, ಆಮ್ಯಾಲ ನೀನು ವೇದಿಕಿ ಮ್ಯಾಲ ಅದನ್ನೇ ಮತ್ತೊಮ್ಮೆ ಮಾಡಿ ತೋರಿಸಬೇಕಂತ ಜನ ಕೇಳ್ಯಾರ. ನೀನು ಹೂಂ ಅಂದಿ. ಅಂದುಬಿಟ್ಟು ನನಗ ಬರದಿ: ಪರದಿ ಹಿಂದ ಮೈಕ್ ಹಿಡಕೊಂಡು ಕುಂದ್ರು, ನೀನು ದನಿ ಕೊಡು, ನಾನು ಬಾಯಿ ಆಡಿಸ್ತೀನಿ, ಯಾರಿಗೂ ತಿಳಿಯಂಗಿಲ್ಲ, ಇದೊಂದ್ಸಲ ಅಂತ. ಐವತ್ತಾರು ವರ್ಷ ಆದ ಮ್ಯಾಲೂ ನನ್ನ ಜಾಗ ಪರದಿ ಹಿಂದೇನ ಏನು?

ಮದರಾಸಿನವ್ರಿಗೆ ನಿನ್ನ ಮಾರಿ ಹಿಡಿಸ್ತು, ಮಾತು ಹಿಡಿಸಲಿಲ್ಲ. ಅರ್ಧ ತೆಲುಗು, ಅರ್ಧ ಕುರುಗೋಡು, ಹೊಲದಾಗ ಕೂಗಿದಂಗ ಮಾತಾಡ್ತಾಳ ಅಂತ ಡೈರೆಕ್ಟರು ನಕ್ಕಿದ್ದು ನಿನಗ ನೆನಪಿರಬೇಕು. ನಾನು ಚಿದಾನಂದಪ್ಪ ಮಾಸ್ತರ ಹತ್ರ ಕಲ್ತಾಕಿ, ಪುಸ್ತಕದ ಕನ್ನಡ ನಾಲಿಗಿ ಮ್ಯಾಲಿತ್ತು. ಅದಕ ಕರಸ್ಕೊಂಡಿ. ಒಂಬತ್ತು ಸಿನಿಮಾಕ್ಕ ಕತ್ತಲಿ ರೂಮಿನಾಗ ನಿಂತು, ನಿನ್ನ ತುಟಿ ನೋಡಿಕೋತ ಮಾತಾಡಿದೆ. ಮುಂದಿನದ್ರಾಗ ನಿನ್ನ ಹೆಸರು ಹಾಕಸ್ತೀನಿ ಅಂತ ಒಂಬತ್ತು ಸಲ ಅಂದಿ. ಸುಳ್ಳು ಯಾಕ ಹೇಳಲಿ, ಆಗ ನನಗ ಖುಷಿನೂ ಇತ್ತು. ಟಾಕೀಸಿನಾಗ ಜನ ನಿನ್ನ ಮಾತಿಗೆ ಶಿಳ್ಳಿ ಹೊಡೆದ್ರ ನನ್ನ ಮೈ ಜುಂ ಅಂತಿತ್ತು.

ಖರೇ ಸಿಟ್ಟು ಹೆಸರಿಂದಲ್ಲ, ಆ ಟೆಲಿಗ್ರಾಮಿಂದು.

ಆ ತಾಯಿ ಸಾಯೋ ಸೀನಿಗೆ ಬರದು ಕೊಟ್ಟಿದ್ದು 'ಅಮ್ಮಾ' ಅಂತ. ಶೂಟಿಂಗಿನಾಗ ನೀನು ಹಂಗೇ ಅಂದಿದ್ದಿ. ದನಿ ಕೊಡೋ ದಿನ ಮುಂಜಾನಿಂದ ನಾನು ನಾಲ್ಕು ಸಲ ಅತ್ತೆ, ಡೈರೆಕ್ಟರಿಗೆ ಸಾಲಲಿಲ್ಲ. ಆಗ ನೀನು ವ್ಯಾನಿಟಿ ಬ್ಯಾಗಿನಿಂದ ಒಂದು ಕಾಗದ ತಗದು, ಮೈಕಿನ ಮುಂದ ನಿಂತಿದ್ದ ನನ್ನ ಕೈಯಾಗ ಇಟ್ಟು, ಓದು ಅಂದಿ. ತಾಯಿ ಸೀರಿಯಸ್, ಇಬ್ಬರೂ ಕೂಡಲೇ ಹೊರಡಿ. ಅಷ್ಟೇ ಇತ್ತು. ಓದಿ ಮುಗಿಸೋದ್ರಾಗ ಲೈಟ್ ಆರಿಸಿದ್ರು, ನಿನ್ನ ಮಾರಿ ಪರದಿ ಮ್ಯಾಲ ಬಂತು, ನನ್ನ ಬಾಯಿಂದ 'ಯವ್ವಾ' ಅಂತ ಬಂತು. ಮಾತು ತಪ್ಪಿದ್ರೂ ಇರ್ಲಿ, ಇಂಥಾ ಅಳು ಮತ್ತ ಸಿಗಂಗಿಲ್ಲ ಅಂದ್ರು ಡೈರೆಕ್ಟರು. ಹೊರಗ ಬಂದು ಬೆಳಕಿನಾಗ ಟೆಲಿಗ್ರಾಮಿನ ತಾರೀಖು ನೋಡಿದೆ. ಎರಡು ದಿನದ ಹಿಂದಿನದು.

ನನಗ ಶೂಟಿಂಗ್ ಐತಿ ಅಂತ ನೀನು ಉಳಕೊಂಡಿ. ನಾನೊಬ್ಬಾಕಿ ರೈಲು ಹತ್ತಿ, ಬಳ್ಳಾರಿಯಾಗ ಇಳಿದು, ಬಸ್ಸು ಹಿಡಿದು ಕುರುಗೋಡು ಮುಟ್ಟೋದ್ರಾಗ ಅವ್ವನ ಮ್ಯಾಲಿನ ಮಣ್ಣು ಒಣಗಿತ್ತು. ಜೀವ ಹೋಗೋ ತನಕ ಬಾಗಿಲ ಕಡೀನೇ ನೋಡಿದ್ಲಂತ. ಆಕಿ ಕೇಳಿದ್ದು ನನ್ನ ಹೆಸರಲ್ಲ, ನಿನ್ನ ಹೆಸರು. ಸುಂಕಿ ಬಂದ್ಲೇನು, ಸುಂಕಿ ಬಂದ್ಲೇನು ಅಂತ. ಇದನ್ನ ಇವತ್ತಿನ ತನಕ ನಿನಗ ಹೇಳಿರಲಿಲ್ಲ. ಈಗ ಹೇಳೀನಿ, ನುಂಗಿಕೋ.

ಇಷ್ಟು ದಿನ ಯಾಕ ಸುಮ್ಮನಿದ್ದಿ ಅಂತ ಕೇಳಬಹುದು. ಅಕ್ಕನ ಮಾನ ಅಂತ ಸುಮ್ಮನಿದ್ದೆ. ನನ್ನ ಗಂಡ ಯರ್ರಿಸ್ವಾಮಿಗೂ ಹೇಳಲಿಲ್ಲ. ಆ ಸಿನಿಮಾ ಸಿರುಗುಪ್ಪದ ಟೆಂಟಿಗೆ ಬಂದಾಗ ಏಳು ಸಲ ಹೋದೆ, ಆ ಸೀನಿನಾಗ ಕಣ್ಣು ಮುಚ್ಚಿಕೊಂಡು ಕುಂದ್ರುತಿದ್ದೆ. ನಿದ್ದಿ ಹತ್ತೇತಿ ಅಂತ ಅವರು ತಿವೀತಿದ್ರು, ಪಾಪ.

ಹೋದ ತಿಂಗಳು ಟಿ.ವಿ.ಯಾಗ ನೀನು ಏನಂದಿ? ಆ ಗಳಿಗ್ಯಾಗ ಹೆತ್ತವ್ವ ನೆನಪಾದ್ಲು, 'ಯವ್ವಾ' ಅನ್ನೋದು ನನ್ನ ಹೊಟ್ಟಿಯಿಂದ ತಾನೇ ಬಂತು ಅಂದಿ. ದನಿ ಈಗ ಹಂಗಿಲ್ಲಲ್ಲ ಅಂತ ಟಿ.ವಿ.ಯವ್ರು ಕೇಳಿದ್ರ, ವಯಸ್ಸಾತು ಅಂದಿ. ಕಣ್ಣು ಬ್ಯಾರೆ ಒರಸ್ಕೊಂಡಿ. ಅವ್ವನ ಸಾವಿಗೆ ಬಾರದಾಕಿ, ಅವ್ವನ ಹೆಸರಿನಾಗ ಸುಳ್ಳು ಹೇಳಾಕ ನಿನಗ ನಾಚಿಕಿ ಆಗಲಿಲ್ಲ.

ನನ್ನ ಮೊಮ್ಮಗಳು ಜ್ಯೋತಿ ಮಗ್ಗಲಾಗ ಕುಂತಿದ್ಲು. ಮೊಬೈಲಿನಾಗ ಆ ಸೀನು ಹುಡುಕಿ ಮೂರು ಸಲ ನೋಡಿದ್ಲು. ಅಜ್ಜಿ, ಇವರ ತುಟಿ ಅಮ್ಮಾ ಅಂತೈತಿ, ದನಿ ಯವ್ವಾ ಅಂತೈತಿ, ತುಟಿ ಮುಚ್ಚಿಕೊಂಡು ಯವ್ವಾ ಅನ್ನಾಕ ಹೆಂಗ ಬರ್ತೈತಿ ಅಂದ್ಲು. ಇಷ್ಟು ವರ್ಷ ಎಲ್ಲಾರೂ ಅತ್ತಾರ, ಒಬ್ಬರೂ ತುಟಿ ನೋಡಿಲ್ಲ. ಆಕಿಗೆ ಎಲ್ಲಾನೂ ಒಂದು ನೋಟ್‌ಬುಕ್ಕಿನಾಗ ಬರದು ತೋರಿಸಿದೆ. ಈ ಕಾಗದಾನೂ ಅದರ ಹಾಳಿ ಹರಿದೇ ಬರಿಯಾಕತ್ತೀನಿ.

ಐತವಾರ ನಾನು ಬರ್ತೀನಿ. ಪರದಿ ಹಿಂದ ಅಲ್ಲ, ಮುಂದಿನ ಸಾಲಿನಾಗ, ಜ್ಯೋತಿ ಜೋಡಿ ಕುಂದ್ರುತೀನಿ. ಮೈಕು ನಿನ್ನ ಕೈಯಾಗ ಇರ್ತೈತಿ. ಸೀನು ಮುಗಿದ ಮ್ಯಾಲ, ಯವ್ವಾ ಅಂದಾಕಿ ನಾನಲ್ಲ, ನನ್ನ ತಂಗಿ ಹೊನ್ನೂರಮ್ಮ, ಅಂತ ಹೇಳು. ಅಷ್ಟು ಸಾಕು, ಟೆಲಿಗ್ರಾಮಿನ ಕಥಿ ನಮ್ಮಿಬ್ಬರ ನಡುವನ ಇರ್ಲಿ. ನಮ್ಮ ಮಾತಿನಾಗ ಹೇಳು, ಪುಸ್ತಕದ ಕನ್ನಡ ನಿನ್ನ ಕೈಲೆ ಆಗಂಗಿಲ್ಲ. ನೀನು ಹೇಳದಿದ್ರ ಜ್ಯೋತಿ ಎದ್ದು ನಿಂತು ಕೇಳ್ತಾಳ. ಆಕಿ ನನ್ನಂಗ ಸುಮ್ಮನಿರೋ ಪೈಕಿ ಅಲ್ಲ.

ನಮಸ್ಕಾರ ಅಂತ ಬರಿಯಾಕ ಕೈ ಬರವಲ್ದು.

ನಿನ್ನ ಬೆನ್ನಿಗೆ ಹುಟ್ಟಿದಾಕಿ,
ಹೊನ್ನೂರಮ್ಮ

ತಾ.ಕ.: ಫೋನ್ ಎತ್ತದಿದ್ದದ್ದು ಸೊಕ್ಕಿಗಲ್ಲ. ಹೋದ ಶ್ರಾವಣದಾಗ ಬಳ್ಳಾರಿಯಾಗ ಗಂಟಲು ಆಪರೇಷನ್ ಆತು, ಧ್ವನಿಪೆಟ್ಟಿಗಿ ಪೂರಾ ತಗದಾರ. ಎತ್ತಿದ್ರೂ ಬೈಯಾಕ ಬರ್ತಿರಲಿಲ್ಲ. ಜ್ಯೋತಿಗೆ ಕೂಸು ಹುಟ್ಟಿದ್ದು ಆಮ್ಯಾಲ, ಅದು ನನ್ನ ದನಿ ಒಮ್ಮೆನೂ ಕೇಳಿಲ್ಲ. ಅದನ್ನೂ ಕರಕೊಂಡು ಬರ್ತೀವಿ. ಆ ಸೀನು ಹಾಕುವಾಗ ಸೌಂಡು ಜೋರು ಇಡಸು. ಅಷ್ಟೊತ್ತು ನೀನು ಬಾಯಿ ಮುಚ್ಚಿಕೊಂಡಿರು.