ರೋಗದ ಭಾಗ, ಮದ್ದಿನ ಭಾಗ

ವಿಜಯನಗರ, ಬೆಂಗಳೂರು
೧೦ ಮಾರ್ಚ್ ೨೦೨೫

ಪ್ರಿಯ ಹನುಮಂತಯ್ಯ,

ಶರಣು. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಎಂದೋ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಬೈದುಕೊಂಡಾದರೂ ಒಡೆದು ಓದುತ್ತೀಯ, ನಿನ್ನನ್ನು ನಾನು ಬಲ್ಲೆ.

ನಿನ್ನ ಕೋಪ ನ್ಯಾಯವಾದದ್ದೇ. ಅವೆನ್ಯೂ ರಸ್ತೆಯಲ್ಲಿ ಆ ಕಲ್ಲಚ್ಚಿನ ದನದ ವೈದ್ಯದ ಪುಸ್ತಕವನ್ನು ಇಬ್ಬರೂ ಸೇರಿ ಕೊಂಡ ದಿನ, ಯಾರ ಮನೆಯಲ್ಲಿಡುವುದೆಂದು ಬಸ್ ಸ್ಟಾಪಿನಲ್ಲೇ ಜಗಳವಾಡಿದ್ದೆವು. ಕೊನೆಗೆ ರೋಗ ಹೇಳುವ ಮೊದಲ ಭಾಗ ಒಬ್ಬನಿಗೆ, ಮದ್ದು ಹೇಳುವ ಎರಡನೆಯ ಭಾಗ ಇನ್ನೊಬ್ಬನಿಗೆ, ಪ್ರತಿ ಯುಗಾದಿಗೆ ಅದಲುಬದಲು ಎಂದು ತೀರ್ಮಾನವಾಯಿತು. ಅಂದಿನಿಂದ ಲಗ್ಗೆರೆಯ ನಿನ್ನ ಮನೆಯಲ್ಲಿ ಬೇವುಬೆಲ್ಲ ತಿಂದು, ಭಾಗ ಬದಲಾಯಿಸಿಕೊಂಡು, ಒಬ್ಬಟ್ಟಿನ ಊಟ ಮಾಡದೆ ನನಗೆ ಹಬ್ಬವೇ ಆಗುತ್ತಿರಲಿಲ್ಲ.

ಹೋದ ಯುಗಾದಿಗೆ ನಾನು ಬರಲಿಲ್ಲ. ನೀನು ಊಟ ಬಿಟ್ಟು ಸಂಜೆಯವರೆಗೆ ಕಾದೆಯಂತೆ, ನಿನ್ನ ಮನೆಯವರು ನಮ್ಮ ಮನೆಯಲ್ಲಿ ಕಲ್ಯಾಣಮ್ಮನಿಗೆ ಹೇಳಿದರು. ಅದರ ಮೇಲೆ, ನನ್ನಲ್ಲಿದ್ದ ರೋಗದ ಭಾಗವೂ ಸೇರಿ ನನ್ನ ಪುಸ್ತಕಗಳನ್ನೆಲ್ಲ ಕೆಂಗೇರಿಯ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟ ಸುದ್ದಿ ನಿನಗೆ ಬೇರೆಯವರಿಂದ ತಿಳಿಯಿತು. "ಅವನ ಪುಸ್ತಕ ಅವನು ಎಲ್ಲಿಗಾದ್ರೂ ಕೊಟ್ಕೊಳ್ಳಲಿ, ಮದ್ದಿನ ಭಾಗ ಮಾತ್ರ ನನ್ನ ಮನೆ ಬಿಟ್ಟು ಹೋಗಲ್ಲ" ಎಂದು ನಿನ್ನ ಮಗ ಸಂಪತ್‌ನ ಕೈಲಿ ಹೇಳಿಕಳಿಸಿದೆ. ಪಾಪ, ಅವನು ಕಾಫಿ ಮುಗಿಸಿ, ಹೊರಡಲು ಎದ್ದ ಮೇಲೆ ಬಾಗಿಲಲ್ಲಿ ನಿಂತು ಅದನ್ನು ಒಪ್ಪಿಸಿದ.

ಆ ಗ್ರಂಥಾಲಯ ನೀನು ತಿಳಿದಂತೆ ಗೋಡೌನ್ ಅಲ್ಲ. ಬೇರೆಲ್ಲೂ ಸಿಗದ ಪುಸ್ತಕಗಳನ್ನು ಜೋಪಾನ ಮಾಡುವ ಜಾಗ. ಯಾರು ಕೊಟ್ಟರೋ ಅವರ ಹೆಸರಿನಲ್ಲಿ ಕಪಾಟು. ನಾಟಕ ಕಂಪನಿಯವರೊಬ್ಬರ ಮನೆಯಿಂದ ಬಂದ ಹ್ಯಾಂಡ್‌ಬಿಲ್‌ಗಳಿವೆ, ಯಾವುದೋ ಮಠದ ಓಲೆಗರಿ ಕಟ್ಟುಗಳಿವೆ. ಗ್ರಂಥಪಾಲಕ ಮಧ್ವೇಶ್ ಒಂದೊಂದನ್ನೂ ನನ್ನ ಕೈಗಿಟ್ಟು ಅದರ ಕಥೆ ಹೇಳಿದ. ಗರಿಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರಂತೆ, ಕೋಣೆಯೆಲ್ಲ ಅದೇ ವಾಸನೆ. ಪಶುವೈದ್ಯ ಓದುವ ಮಕ್ಕಳು ಬಂದು, ನಮ್ಮ ಮೊದಲ ಭಾಗದಲ್ಲಿ ರೋಗಗಳನ್ನೆಲ್ಲ ಓದಿ, ಮದ್ದೆಲ್ಲಿ ಎಂದು ಕೇಳಿ ಹೋಗಿದ್ದಾರೆ. ನನಗೆ ನಗುವೂ ಬಂತು, ಸಂಕಟವೂ ಆಯಿತು.

"ಸಾರ್, ಎರಡನೇ ಭಾಗ ಬೇರೆ ಎಲ್ಲೂ ಸಿಕ್ತಿಲ್ಲ. ನಿಮ್ಮ ಸ್ನೇಹಿತರು ಕೊಟ್ರೆ ಕಪಾಟಿನ ಮೇಲೆ ಇಬ್ರ ಹೆಸರೂ ಹಾಕ್ತೀವಿ" ಎಂದ ಮಧ್ವೇಶ್. ನಿನ್ನ ಹೆಸರೇ ಮೊದಲಿರಲಿ ಎಂದೆ.

ಯುಗಾದಿ ಬಂತು. ಹಬ್ಬದ ಮಾರನೆಯ ದಿನ ಮದ್ದಿನ ಭಾಗ ಹಿಡಿದುಕೊಂಡು ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್‌ಗೆ ಬಾ, ಕೆಂಗೇರಿಗೆ ಒಟ್ಟಿಗೆ ಹೋಗೋಣ. ಕೊಡಲು ಮನಸ್ಸಾಗದಿದ್ದರೆ ವಾಪಸ್ಸು ತೆಗೆದುಕೊಂಡು ಹೋಗು, ನಾನು ಬೇಸರಪಡುವುದಿಲ್ಲ. ಬೇಸರಪಡುತ್ತೇನೆ, ಆದರೆ ಹೇಳುವುದಿಲ್ಲ.

ನಿನ್ನ ಮನೆಯವರಿಗೆ ನಮಸ್ಕಾರ. ಸಂಪತ್‌ಗೂ ಸೊಸೆ ಕುಸುಮಾಳಿಗೂ ಆಶೀರ್ವಾದ, ನೂರು ಕಾಲ ಚೆನ್ನಾಗಿರಲಿ.

ನಿನ್ನ
ಸಿದ್ದಬಸಪ್ಪ

ತಾ.ಕ.: ಅಕ್ಷರ ನನ್ನದಲ್ಲವೆಂದು ಮೊದಲ ಸಾಲಿಗೇ ನಿನಗೆ ಗೊತ್ತಾಗಿರುತ್ತದೆ. ನಾನು ಹೇಳಿದ್ದನ್ನು ಮೊಮ್ಮಗಳು ಅನಘಾ ಬರೆದಿದ್ದಾಳೆ. ಹೋದ ಯುಗಾದಿಯ ಹೊತ್ತಿಗೇ ನನ್ನ ಕಣ್ಣು ಹೋಗಿತ್ತು, ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಓದಲಾರದವನು ಯಾವ ಮುಖ ಹೊತ್ತು ಭಾಗ ಬದಲಾಯಿಸಿಕೊಳ್ಳಲಿ ಎಂದು ಮನೆಯಲ್ಲೇ ಕುಳಿತೆ. ನಿನಗೆ ತಿಳಿಸಕೂಡದೆಂದು ಕಲ್ಯಾಣಮ್ಮನಿಗೂ ಸಂಪತ್‌ಗೂ ಕಟ್ಟಪ್ಪಣೆ ಮಾಡಿದ್ದೆ. ನನ್ನ ರೋಗಕ್ಕೆ ನಿನ್ನ ಭಾಗದಲ್ಲಿ ಮದ್ದಿಲ್ಲ, ಅದು ದನಗಳದ್ದು, ಗೊತ್ತು. ಆದರೂ ಗಟ್ಟಿಯಾಗಿ ಓದಲು ಬಿಡುವ ಒಂದು ಕೋಣೆ ಆ ಗ್ರಂಥಾಲಯದಲ್ಲಿದೆ, ವಿಚಾರಿಸಿದ್ದೇನೆ. ನೀನು ಓದು, ನಾನು ಕೇಳುತ್ತೇನೆ.